ತೊಟ್ಟಿಲ ಹಂಬಲವೂ ಸ್ವಂತ ರಕ್ತದ ಚಿಕಿತ್ಸೆಯೂ

ಧಾರವಾಡ ಸೀಮೆಯ ತಾಯಿಯೊಬ್ಬರು ಈ ಅಂಕಣಕ್ಕೆ ದೀರ್ಘವಾದ ಪತ್ರವೊಂದನ್ನು ಬರೆದಿದ್ದಾರೆ. ಹೆಸರು, ಊರುಗಳನ್ನು ಬಿಟ್ಟು ಅದರ ಸಾರವನ್ನಷ್ಟೇ ಓದುಗರ ಮುಂದಿಡುತ್ತೇನೆ. ಅವರ ಮಗನಿಗೆ ಮದುವೆಯಾಗಿ ಎಂಟು ವರ್ಷಗಳಾದವು. ಎರಡು ಬಾರಿ ಪ್ರನಾಳ ಶಿಶು ಚಿಕಿತ್ಸೆ, ಅಂದರೆ ಐವಿಎಫ್, ಮಾಡಿಸಿದರೂ ಫಲಿಸಲಿಲ್ಲ. ಈಗ ಚಿಕಿತ್ಸಾ ಕೇಂದ್ರದವರು ‘ಪಿ.ಆರ್.ಪಿ.’ ಎಂಬುದನ್ನು ಸೂಚಿಸಿದ್ದಾರೆ. ಸೊಸೆಯ ರಕ್ತವನ್ನೇ ತೆಗೆದು, ಅದರ ಸತ್ವವನ್ನು ಬೇರ್ಪಡಿಸಿ, ಆಕೆಯ ಗರ್ಭಕೋಶಕ್ಕೆ ಸೇರಿಸುವ ಚಿಕಿತ್ಸೆಯಂತೆ. ಇದೂ ಮೂರನೆಯ ಐವಿಎಫ್ ಕೂಡಿ ಆಗುವ ಖರ್ಚಿಗೆ ಹೊಲವನ್ನು ಒತ್ತೆಯಿಡಬೇಕಾಗಿದೆ. ಆ ತಾಯಿಯ ಪ್ರಶ್ನೆಗಳು ಮೂರು: ರಕ್ತವನ್ನು ಹೀಗೆ ಬಳಸುವುದು ನಮ್ಮ ಆಚಾರಕ್ಕೆ ಒಪ್ಪುವುದೇ? ಇದರಿಂದ ಮಗುವಾಗುವುದು ನಿಜವೇ? ಇದಕ್ಕಾಗಿ ಹೊಲ ಒತ್ತೆಯಿಡಬಹುದೇ?

ಇವು ಒಂದೇ ಮನೆಯ ಪ್ರಶ್ನೆಗಳಲ್ಲ. ಸಂತಾನ ಚಿಕಿತ್ಸಾ ಕೇಂದ್ರಗಳು ಈಗ ಹುಬ್ಬಳ್ಳಿ, ದಾವಣಗೆರೆ, ಬೆಳಗಾವಿಗಳಲ್ಲಿಯೂ ಇವೆ. ಪ್ರಪಂಚದ ವಯಸ್ಕರಲ್ಲಿ ಸುಮಾರು ಆರರಲ್ಲಿ ಒಬ್ಬರು ಜೀವಿತದ ಒಂದಲ್ಲ ಒಂದು ಹಂತದಲ್ಲಿ ಸಂತಾನಹೀನತೆಯನ್ನು ಅನುಭವಿಸುತ್ತಾರೆಂದು ವಿಶ್ವ ಆರೋಗ್ಯ ಸಂಸ್ಥೆಯು 2023ರಲ್ಲಿ ತಿಳಿಸಿತು. ಆದುದರಿಂದ ಮೂರು ಪ್ರಶ್ನೆಗಳನ್ನೂ ಕ್ರಮವಾಗಿ ವಿಚಾರಿಸುವುದು ಉಚಿತ.

ಮೊದಲನೆಯ ಪ್ರಶ್ನೆಗೆ ಉತ್ತರ ಸುಲಭ. ಜನನ, ಮರಣ, ರಜಸ್ಸು, ಉಚ್ಛಿಷ್ಟ, ಜಾತಿ ಎಂಬ ಪಂಚಸೂತಕಗಳನ್ನು ಶರಣರು ಹನ್ನೆರಡನೆಯ ಶತಮಾನದಲ್ಲಿಯೇ ನಿರಾಕರಿಸಿದರು. ಲಿಂಗಧಾರಿಯಾದ ಸ್ತ್ರೀಗೆ ಮುಟ್ಟಿನ ದಿನಗಳಲ್ಲಿಯೂ ಪೂಜೆಯ ಅಧಿಕಾರವಿದೆಯೆಂದು ಸಾರಿದ ಧರ್ಮದಲ್ಲಿ, ಆಕೆಯ ರಕ್ತವು ಆಕೆಯ ದೇಹಕ್ಕೇ ಮರಳಿದರೆ ಮೈಲಿಗೆ ಎಲ್ಲಿಂದ ಬರಬೇಕು? ಶರಣಗಣದಲ್ಲಿ ವೈದ್ಯ ಸಂಗಣ್ಣನೆಂಬ ವಚನಕಾರನಿದ್ದಾನೆ. ವೈದ್ಯವೇ ಅವನ ಕಾಯಕವಾಗಿತ್ತು. ಕಾಯವನ್ನು ಪ್ರಸಾದವೆಂದು ತಿಳಿದವರಿಗೆ ಅದರ ರೋಗವನ್ನು ಗುಣಪಡಿಸಿಕೊಳ್ಳುವುದೂ ಒಂದು ಕರ್ತವ್ಯವೇ. ಹೀಗಾಗಿ ಚಿಕಿತ್ಸೆಗೆ ಆಚಾರದ ಅಡ್ಡಿಯಿಲ್ಲ. ಆ ಚಿಕಿತ್ಸೆಯಿಂದ ಫಲವುಂಟೇ ಎಂಬುದೇ ನಿಜವಾದ ಪ್ರಶ್ನೆ.

ಎರಡನೆಯ ಪ್ರಶ್ನೆಗೆ ಉತ್ತರಿಸುವ ಮೊದಲು ಈ ವಸ್ತುವಿನ ಪರಿಚಯವಾಗಬೇಕು. ಡೆಂಗಿ ಜ್ವರ ಬಂದ ಮನೆಗಳಲ್ಲೆಲ್ಲ ‘ಪ್ಲೇಟ್‌ಲೆಟ್’ ಎಂಬ ಮಾತು ಪರಿಚಿತ. ಕನ್ನಡದಲ್ಲಿ ಕಿರುಬಿಲ್ಲೆ ಎನ್ನಬಹುದಾದ ಈ ಕಣಗಳು ಎಲುಬಿನ ಮಜ್ಜೆಯಲ್ಲಿ ಹುಟ್ಟಿ, ಎಂಟು ಹತ್ತು ದಿನ ಬದುಕಿ ಅಳಿಯುತ್ತವೆ. ಆರೋಗ್ಯವಂತರ ಒಂದು ಮೈಕ್ರೋಲೀಟರ್ ರಕ್ತದಲ್ಲಿ, ಎಂದರೆ ಒಂದು ಹನಿಗಿಂತಲೂ ಎಷ್ಟೋ ಸಣ್ಣ ಬಿಂದುವಿನಲ್ಲಿ, ಇವು ಒಂದೂವರೆ ಲಕ್ಷದಿಂದ ನಾಲ್ಕೂವರೆ ಲಕ್ಷದವರೆಗೆ ಇರುತ್ತವೆ. ಗಾಯವಾದಾಗ ರಕ್ತ ಹೆಪ್ಪುಗಟ್ಟಿಸುವುದು ಇವುಗಳ ಮುಖ್ಯ ಕೆಲಸವೆಂಬುದನ್ನು ಇಟಲಿಯ ವಿಜ್ಞಾನಿ ಜೂಲಿಯೊ ಬಿಜ್ಜೊಜೆರೊ 1882ರಲ್ಲಿ ವಿವರಿಸಿದನು. ಈ ಕಣಗಳ ಒಳಗೆ ಸಣ್ಣ ಸಣ್ಣ ಚೀಲಗಳಿದ್ದು, ಅವುಗಳಲ್ಲಿ ಜೀವಕೋಶಗಳ ಬೆಳವಣಿಗೆಯನ್ನು ಪ್ರಚೋದಿಸುವ ಪ್ರೋಟೀನುಗಳು ತುಂಬಿರುತ್ತವೆ. ಗಾಯದ ಸ್ಥಳದಲ್ಲಿ ಕಿರುಬಿಲ್ಲೆಗಳು ಒಡೆದು ಈ ಪ್ರೋಟೀನುಗಳನ್ನು ಸುರಿಸುತ್ತವೆ. ಅವುಗಳ ಪ್ರೇರಣೆಯಿಂದ ಹೊಸ ರಕ್ತನಾಳಗಳೂ ಹೊಸ ಮಾಂಸವೂ ಬೆಳೆದು ಗಾಯ ಮಾಯುತ್ತದೆ.

ಈ ಸ್ವಾಭಾವಿಕ ಶಕ್ತಿಯನ್ನು ಒಂದೆಡೆ ಸಾಂದ್ರಗೊಳಿಸಿ ಬೇಕಾದ ಜಾಗಕ್ಕೆ ಸೇರಿಸುವುದೇ ಪಿ.ಆರ್.ಪಿ.ಯ ತಂತ್ರ. ಪ್ಲೇಟ್‌ಲೆಟ್‌ಗಳು ಹೇರಳವಾಗಿರುವ ಪ್ಲಾಸ್ಮಾ ಎಂಬುದು ಆ ಮೂರಕ್ಷರಗಳ ಅರ್ಥ. ತೋಳಿನಿಂದ ಸ್ವಲ್ಪ ರಕ್ತ ತೆಗೆದು, ಹೆಪ್ಪುಗಟ್ಟದಂತೆ ಔಷಧಿ ಬೆರೆಸಿ, ಕೊಳವೆಯನ್ನು ಯಂತ್ರದಲ್ಲಿ ಅತಿವೇಗವಾಗಿ ತಿರುಗಿಸುತ್ತಾರೆ. ಕಡೆದ ಮಜ್ಜಿಗೆಯಲ್ಲಿ ಬೆಣ್ಣೆ ಬೇರೆಯಾಗುವಂತೆ ಇಲ್ಲಿಯೂ ಭಾರವಾದ ಕೆಂಪು ಕಣಗಳು ತಳಕ್ಕಿಳಿಯುತ್ತವೆ. ನಡುವೆ ತೆಳುವಾದ ಬಿಳಿಯ ಪದರವೂ ಮೇಲೆ ಹುಲ್ಲಿನ ಹಳದಿ ಬಣ್ಣದ ಪ್ಲಾಸ್ಮಾವೂ ನಿಲ್ಲುತ್ತವೆ. ಕಿರುಬಿಲ್ಲೆಗಳಿರುವ ಭಾಗವನ್ನು ಮಾತ್ರ ಎಳೆದುಕೊಂಡರೆ ಅದರಲ್ಲಿ ಸಾಮಾನ್ಯ ರಕ್ತಕ್ಕಿಂತ ಹಲವು ಪಟ್ಟು ಹೆಚ್ಚು ಕಿರುಬಿಲ್ಲೆಗಳಿರುತ್ತವೆ. ದವಡೆಯ ಮೂಳೆ ಕಸಿಯಲ್ಲಿ ಇದರ ಪ್ರಯೋಜನವನ್ನು ಅಮೆರಿಕದ ರಾಬರ್ಟ್ ಮಾರ್ಕ್ಸ್ ಮತ್ತು ಸಂಗಡಿಗರು 1998ರಲ್ಲಿ ಪ್ರಕಟಿಸಿದ ಮೇಲೆ, ಮಂಡಿನೋವು, ಕ್ರೀಡಾಪಟುಗಳ ಗಾಯ, ಕೂದಲುದುರುವಿಕೆ ಹೀಗೆ ಅನೇಕ ಕಡೆ ಇದರ ಬಳಕೆ ಹಬ್ಬಿತು.

ಸಂತಾನ ಚಿಕಿತ್ಸೆಯಲ್ಲಿ ಇದನ್ನು ಎರಡು ಸ್ಥಾನಗಳಲ್ಲಿ ಬಳಸುತ್ತಾರೆ. ಒಂದು, ಗರ್ಭಕೋಶದ ಒಳಪದರ. ಭ್ರೂಣವು ಬೇರೂರಬೇಕಾದ ನೆಲವಿದು. ಈ ಪದರ ಸುಮಾರು 7 ಮಿಲಿಮೀಟರಿಗಿಂತ ತೆಳುವಾಗಿದ್ದರೆ ಗರ್ಭ ನಿಲ್ಲುವ ಸಂಭವ ಕಡಿಮೆಯೆಂದು ವೈದ್ಯರು ಎಣಿಸುತ್ತಾರೆ. ಹಿಂದೆ ಗರ್ಭಕೋಶವನ್ನು ಕೆರೆದು ಸ್ವಚ್ಛಗೊಳಿಸಿದಾಗ ಆದ ಗಾಯದ ಕಲೆ, ಜನನಾಂಗದ ಕ್ಷಯರೋಗ ಮೊದಲಾದವು ಪದರ ತೆಳುವಾಗಲು ಕಾರಣವಾಗಬಹುದು. ಇಂಥವರಿಗೆ ಭ್ರೂಣವನ್ನು ಇರಿಸುವ ಕೆಲವು ದಿನ ಮೊದಲು ಸಪೂರವಾದ ನಳಿಕೆಯಿಂದ ಸ್ವಲ್ಪವೇ ಪಿ.ಆರ್.ಪಿ.ಯನ್ನು ಗರ್ಭಕೋಶದೊಳಗೆ ಬಿಡುತ್ತಾರೆ. 2015ರಲ್ಲಿ ಚೀನಾದ ವೈದ್ಯರು ಹೀಗೆ ಚಿಕಿತ್ಸೆ ಪಡೆದ ಐವರು ಮಹಿಳೆಯರ ವೃತ್ತಾಂತವನ್ನು ಪ್ರಕಟಿಸಿದರು; ಐವರಲ್ಲಿಯೂ ಪದರ ಬೆಳೆಯಿತು, ಐವರೂ ಗರ್ಭ ಧರಿಸಿದರು. ಎರಡನೆಯ ಸ್ಥಾನ ಅಂಡಾಶಯ. ಅಂಡಾಣುಗಳು ಮುಗಿಯುತ್ತ ಬಂದಿರುವ ಅಂಡಾಶಯಕ್ಕೆ ಸೂಜಿಯಿಂದ ಪಿ.ಆರ್.ಪಿ. ಚುಚ್ಚಿದರೆ ಅದು ಮತ್ತೆ ಚಿಗುರಬಹುದೆಂಬ ಆಸೆ ಇಲ್ಲಿಯದು. 2016ರಲ್ಲಿ ಗ್ರೀಸ್ ದೇಶದ ವೈದ್ಯರು ಮುಟ್ಟು ನಿಲ್ಲುವ ಹಂತದಲ್ಲಿದ್ದ ಎಂಟು ಮಹಿಳೆಯರಿಗೆ ಹೀಗೆ ಮಾಡಿದ್ದನ್ನು ಹೆಲ್ಸಿಂಕಿಯ ಸಮ್ಮೇಳನದಲ್ಲಿ ವರದಿ ಮಾಡಿದಾಗ ಜಗತ್ತಿನ ಪತ್ರಿಕೆಗಳಲ್ಲಿ ಅದು ದೊಡ್ಡ ಸುದ್ದಿಯಾಯಿತು. ‘ಅಂಡಾಶಯಕ್ಕೆ ಮರಳಿ ಯೌವನ’ ಎಂಬ ಜಾಹೀರಾತುಗಳಿಗೆ ಮೂಲ ಇಂಥ ವರದಿಗಳೇ.

ಐವರು, ಎಂಟು ಜನ. ಇಂಥ ಸಣ್ಣ ವರದಿಗಳು ಸಂಶೋಧನೆಗೆ ಆರಂಭವಾಗಬಲ್ಲವು. ಒಂದು ಕುಟುಂಬದ ಹೊಲವನ್ನು ಪಣಕ್ಕಿಡಲು ಆಧಾರವಾಗಲಾರವು. ಏಕೆಂಬುದನ್ನು ನಮ್ಮ ಊರುಗಳ ಒಂದು ಆಚರಣೆಯಿಂದಲೇ ತಿಳಿಯಬಹುದು. ಮಳೆ ತಡವಾದಾಗ ಮಕ್ಕಳು ತಲೆಯ ಮೇಲೆ ಗುರ್ಜಿ ಹೊತ್ತು ಮನೆಮನೆಗೆ ಹೋಗುತ್ತಾರೆ. ಮರುದಿನ ಮಳೆ ಬಂದರೆ ಗುರ್ಜಿಯಿಂದಲೇ ಬಂತೆನ್ನುತ್ತೇವೆ. ಗುರ್ಜಿ ಆಡದ ಪಕ್ಕದ ಊರಿಗೂ ಅಷ್ಟೇ ಮಳೆಯಾಯಿತೇ ಎಂದು ಯಾರೂ ವಿಚಾರಿಸುವುದಿಲ್ಲ. ಚಿಕಿತ್ಸೆಯ ವಿಷಯದಲ್ಲಿ ಆ ಪಕ್ಕದ ಊರನ್ನು ವಿಚಾರಿಸಲೇಬೇಕು. ಚಿಕಿತ್ಸೆ ಪಡೆಯದವರಲ್ಲಿ ಎಷ್ಟು ಜನ ಗರ್ಭ ಧರಿಸಿದರು ಎಂಬ ಲೆಕ್ಕವಿಲ್ಲದೆ, ಪಡೆದವರ ಲೆಕ್ಕಕ್ಕೆ ಅರ್ಥವಿಲ್ಲ.

ಇದಕ್ಕೆ ಸ್ಪಷ್ಟವಾದ ಉದಾಹರಣೆಯೊಂದಿದೆ. ನಲವತ್ತು ವರ್ಷದೊಳಗೇ ಅಂಡಾಶಯದ ಕೆಲಸ ಕುಂದಿದ 311 ಮಹಿಳೆಯರಿಗೆ ಪಿ.ಆರ್.ಪಿ. ಚುಚ್ಚಿದ ಫಲಿತಾಂಶವನ್ನು ತುರ್ಕಿಯ ವೈದ್ಯರು 2020ರಲ್ಲಿ ಪ್ರಕಟಿಸಿದರು. ಅವರಲ್ಲಿ 23 ಜನ, ಎಂದರೆ ನೂರಕ್ಕೆ ಏಳಕ್ಕಿಂತ ತುಸು ಹೆಚ್ಚು, ಐವಿಎಫ್‌ನ ಹಂಗಿಲ್ಲದೆ ತಾವಾಗಿಯೇ ಗರ್ಭ ಧರಿಸಿದರು. ಕೇಳಿದೊಡನೆ ಮನಸ್ಸಿಗೆ ಹರ್ಷವಾಗುವ ಸಂಖ್ಯೆ. ಆದರೆ ಈ ತೊಂದರೆಯಿರುವ ಮಹಿಳೆಯರಲ್ಲಿ ಯಾವ ಚಿಕಿತ್ಸೆಯೂ ಇಲ್ಲದೆ ನೂರಕ್ಕೆ ಐದರಿಂದ ಹತ್ತರಷ್ಟು ಜನ ಗರ್ಭಿಣಿಯರಾಗುತ್ತಾರೆಂಬುದು ವೈದ್ಯಶಾಸ್ತ್ರಕ್ಕೆ ಮೊದಲಿನಿಂದಲೂ ತಿಳಿದ ಸಂಗತಿ. ಆ ಅಧ್ಯಯನದಲ್ಲಿ ಚಿಕಿತ್ಸೆಯಿಲ್ಲದ ಇನ್ನೊಂದು ಗುಂಪು ಇರಲಿಲ್ಲ. ಗರ್ಭ ಧರಿಸಿದ ಆ 23 ಮಹಿಳೆಯರು ಪಿ.ಆರ್.ಪಿ.ಗೆ ಋಣಿಗಳೋ ಪ್ರಕೃತಿಗೆ ಋಣಿಗಳೋ ಹೇಳುವವರಾರು?

ಹಾಗಾದರೆ ಎರಡು ಗುಂಪುಗಳನ್ನು ಹೋಲಿಸಿ ನೋಡಿದವರಿಗೆ ಕಂಡದ್ದೇನು? ಅಂಡಾಣುಗಳು ಕಡಿಮೆ ದೊರೆಯುವ ಎಂಬತ್ತಕ್ಕೂ ಹೆಚ್ಚು ಮಹಿಳೆಯರನ್ನು ಚೀಟಿ ಎತ್ತಿದಂತೆ ಎರಡು ಪಾಲು ಮಾಡಿ, ಒಂದು ಪಾಲಿನವರ ಅಂಡಾಶಯಕ್ಕೆ ಮಾತ್ರ ಪಿ.ಆರ್.ಪಿ. ಕೊಟ್ಟ ಅಧ್ಯಯನವೊಂದು 2024ರಲ್ಲಿ ಪ್ರಕಟವಾಯಿತು. ಪಕ್ವವಾದ ಅಂಡಾಣುಗಳ ಸಂಖ್ಯೆಯಲ್ಲಿ ಎರಡು ಪಾಲಿನವರಿಗೂ ಗಣನೀಯ ಅಂತರ ಕಾಣಲಿಲ್ಲ. ಗರ್ಭಕೋಶದ ಪದರದ ವಿಷಯದಲ್ಲಿ ಚಿತ್ರ ತುಸು ಭಿನ್ನ. ಕೆಲವು ಚಿಕ್ಕ ಪ್ರಯೋಗಗಳಲ್ಲಿ ಪದರ ದಪ್ಪವಾದದ್ದೂ ಗರ್ಭಧಾರಣೆ ಹೆಚ್ಚಿದ್ದೂ ಕಂಡಿದೆ, ಕೆಲವುಗಳಲ್ಲಿ ಕಂಡಿಲ್ಲ. ಚಿಕಿತ್ಸೆಗಳ ಪುರಾವೆಯನ್ನು ತೂಗಿನೋಡುವ ಕಾಕ್ರೇನ್ ಸಂಸ್ಥೆಯು 2024ರಲ್ಲಿ ಇಂಥ ಪ್ರಯೋಗಗಳನ್ನೆಲ್ಲ ಒಟ್ಟುಗೂಡಿಸಿ ಪರಿಶೀಲಿಸಿತು. ಪಿ.ಆರ್.ಪಿ.ಯಿಂದ ಜೀವಂತ ಮಗುವಿನ ಜನನ ಹೆಚ್ಚುತ್ತದೆಯೇ ಎಂಬುದು ಅನಿಶ್ಚಿತ, ಪ್ರಯೋಗಗಳ ಗುಣಮಟ್ಟವೂ ದುರ್ಬಲ ಎಂಬುದು ಅದರ ನಿರ್ಣಯ. ಯುರೋಪಿನ ಸಂತಾನ ವೈದ್ಯರ ಸಂಘವಾದ ಎಷ್ರೆ, ಐವಿಎಫ್ ಜೊತೆಗೆ ಸೇರಿಸಿ ಮಾರುವ ಹೆಚ್ಚುವರಿ ಚಿಕಿತ್ಸೆಗಳ ಬಗ್ಗೆ 2023ರಲ್ಲಿ ಮಾರ್ಗಸೂಚಿಯನ್ನು ಹೊರಡಿಸಿತು. ಗರ್ಭಕೋಶಕ್ಕಾಗಲಿ ಅಂಡಾಶಯಕ್ಕಾಗಲಿ ಪಿ.ಆರ್.ಪಿ. ಕೊಡುವುದನ್ನು ಅದು ಶಿಫಾರಸು ಮಾಡಲಿಲ್ಲ.

ಇಲ್ಲಿ ಒಂದು ಸೂಕ್ಷ್ಮವನ್ನು ಗಮನಿಸಬೇಕು. ‘ಪದರ ದಪ್ಪವಾಯಿತು’, ‘ರಕ್ತಪರೀಕ್ಷೆಯ ಅಂಕ ಏರಿತು’ ಎಂಬ ಮಾತುಗಳು ನಿಜವೇ ಆಗಿರಬಹುದು. ಆದರೆ ದಂಪತಿಗಳು ದವಾಖಾನೆಯ ಮೆಟ್ಟಿಲೇರಿದ್ದು ಮಗುವಿಗಾಗಿ, ಮಿಲಿಮೀಟರಿಗಾಗಿ ಅಲ್ಲ. ಬೆಳೆಯ ಹಸಿರು ಕಂಡೊಡನೆ ರಾಶಿ ಮನೆಗೆ ಬಂತೆಂದು ರೈತನು ಲೆಕ್ಕ ಬರೆಯುವುದಿಲ್ಲ.

‘ತನ್ನದೇ ರಕ್ತ, ಅಪಾಯವೇನು?’ ಎಂಬ ಮಾತೂ ಕೇಳಿಬರುತ್ತದೆ. ಅನ್ಯರ ರಕ್ತದಿಂದ ಬರಬಹುದಾದ ಸೋಂಕು, ಒಗ್ಗದಿರುವಿಕೆ ಇಲ್ಲಿ ಇಲ್ಲವೆಂಬುದು ಸತ್ಯ. ಆದರೆ ರಕ್ತ ತೆಗೆಯುವ ಸೂಜಿ, ಕೊಳವೆ, ತಿರುಗಿಸುವ ವಿಧಾನ ಇವೆಲ್ಲ ಶುದ್ಧವಾಗಿರಬೇಕು. ಅಮೆರಿಕದ ನ್ಯೂ ಮೆಕ್ಸಿಕೋ ರಾಜ್ಯದಲ್ಲಿ ಪರವಾನಗಿಯಿಲ್ಲದ ಸೌಂದರ್ಯ ಕೇಂದ್ರವೊಂದರಲ್ಲಿ ಮುಖಕಾಂತಿಗಾಗಿ ಪಿ.ಆರ್.ಪಿ. ಚುಚ್ಚಿಸಿಕೊಂಡ ಮಹಿಳೆಯರಿಗೆ ಎಚ್.ಐ.ವಿ. ಸೋಂಕು ತಗುಲಿದ್ದನ್ನು ಅಲ್ಲಿಯ ರೋಗ ನಿಯಂತ್ರಣ ಕೇಂದ್ರವು 2024ರಲ್ಲಿ ವರದಿ ಮಾಡಿತು. ಅಂಡಾಶಯಕ್ಕೆ ಚುಚ್ಚುವಾಗ ಮತ್ತೇರಿಸಬೇಕಾಗುತ್ತದೆ. ರಕ್ತಸ್ರಾವ, ಸೋಂಕುಗಳ ಸಂಭವ ಅಲ್ಪವಾದರೂ ಇದ್ದೇ ಇದೆ. ಅದಕ್ಕಿಂತ ದೊಡ್ಡ ಹಾನಿ ಕಾಲದ್ದು. ಮೂವತ್ತೈದರ ಮೇಲೆ ಅಂಡಾಣುಗಳ ಸಂಖ್ಯೆಯೂ ಗುಣವೂ ಬೇಗ ಇಳಿಯುತ್ತವೆ. ಫಲ ಖಚಿತವಿಲ್ಲದ ಚಿಕಿತ್ಸೆಯಲ್ಲಿ ಕಳೆದ ತಿಂಗಳುಗಳನ್ನು ಯಾರೂ ಮರಳಿ ಕೊಡಲಾರರು.

ಇಷ್ಟು ಹೇಳಿದ್ದರಿಂದ ಸಂತಾನ ಚಿಕಿತ್ಸೆಯೇ ಮೋಸವೆಂದು ಯಾರೂ ಭಾವಿಸಬಾರದು. 1978ರಲ್ಲಿ ಇಂಗ್ಲೆಂಡಿನಲ್ಲಿ ಮೊದಲ ಪ್ರನಾಳ ಶಿಶು ಜನಿಸಿದಂದಿನಿಂದ ಲಕ್ಷಾಂತರ ಮನೆಗಳಲ್ಲಿ ಐವಿಎಫ್ ತೊಟ್ಟಿಲು ತೂಗಿಸಿದೆ. ಪಿ.ಆರ್.ಪಿ.ಯೂ ಮುಂದೆ ಕೆಲವರಿಗೆ ಉಪಯುಕ್ತವೆಂದು ಸಿದ್ಧವಾಗಬಹುದು. ಎಷ್ಟು ರಕ್ತ, ಎಷ್ಟು ಸಲ ತಿರುಗಿಸುವುದು, ಯಾವ ದಿನ, ಯಾವ ಪ್ರಮಾಣ ಎಂಬುದರಲ್ಲಿ ಒಂದು ಕೇಂದ್ರಕ್ಕೂ ಇನ್ನೊಂದಕ್ಕೂ ಇನ್ನೂ ಹೊಂದಾಣಿಕೆಯಿಲ್ಲ. ಇನ್ನೂ ಪರೀಕ್ಷೆಯ ಹಂತದಲ್ಲಿರುವುದನ್ನು ಪರೀಕ್ಷೆಯೆಂದೇ ಹೇಳಿ ಕೊಡುವುದು ಪ್ರಾಮಾಣಿಕತೆ. ಸಿದ್ಧ ಔಷಧಿಯೆಂದು ಬೆಲೆ ಕಟ್ಟಿ ಮಾರಿದರೆ ಅದು ಕಾಯಕವೆನಿಸದು. ಸತ್ಯಶುದ್ಧವಾದ ದುಡಿಮೆಗೆ ಮಾತ್ರ ಶರಣರು ಕಾಯಕವೆಂಬ ಹೆಸರನ್ನು ಕೊಟ್ಟರೆಂಬುದನ್ನು ವೈದ್ಯರೂ ಮರೆಯಬಾರದು.

ಆದುದರಿಂದ ಇಂಥ ಸಲಹೆ ಬಂದಾಗ ಮನೆಯವರು ವಿನಯದಿಂದ, ಆದರೆ ಅಳುಕದೆ, ಕೆಲವು ಪ್ರಶ್ನೆಗಳನ್ನು ಕೇಳಲಿ. ಗರ್ಭ ನಿಲ್ಲದಿರಲು ನಮ್ಮ ವಿಷಯದಲ್ಲಿ ಕಂಡ ಕಾರಣವೇನು? ಪದರ ತೆಳುವಾಗಿದ್ದರೆ ಕ್ಷಯರೋಗ, ಕಲೆ ಮೊದಲಾದವನ್ನು ಪರೀಕ್ಷಿಸಿದ್ದೀರಾ? ಮಗನ ವೀರ್ಯಪರೀಕ್ಷೆಯಾಗಿದೆಯೇ? ಈ ಪ್ರಶ್ನೆ ಬಹಳ ಮುಖ್ಯವಾದುದು. ಸಂತಾನವಿಲ್ಲದ ದಂಪತಿಗಳಲ್ಲಿ ಸುಮಾರು ಅರ್ಧದಷ್ಟು ಕಡೆ ಪುರುಷನ ಕಡೆಯ ಕಾರಣವೂ ಸೇರಿರುತ್ತದೆ. ಅವನ ಪರೀಕ್ಷೆ ಸುಲಭವಾದದ್ದು, ನೋವಿಲ್ಲದ್ದು. ಹೀಗಿದ್ದೂ ಸೊಸೆಗೆ ವರ್ಷಗಟ್ಟಲೆ ಸೂಜಿ ಚುಚ್ಚಿಸಿ, ಮಗನನ್ನು ಒಮ್ಮೆಯೂ ಪರೀಕ್ಷೆಗೆ ಕಳಿಸದ ಮನೆಗಳಿವೆ. ಆಮೇಲೆ ಕೇಳಬೇಕಾದುದು: ಪಿ.ಆರ್.ಪಿ. ಇಲ್ಲದೆ ನಮಗೆ ಮಗುವಾಗುವ ಸಂಭವ ನೂರಕ್ಕೆಷ್ಟು, ಇದ್ದರೆ ಎಷ್ಟು? ಆ ಅಂಕ ಯಾವ ವಯಸ್ಸಿನವರದು? ಅದು ಗರ್ಭಧಾರಣೆಯ ಅಂಕವೋ, ಮಗು ಮಡಿಲಿಗೆ ಬಂದ ಅಂಕವೋ? ಇದಕ್ಕೆ ಪ್ರತ್ಯೇಕ ಶುಲ್ಕವೆಷ್ಟು?

ಈ ಪ್ರಶ್ನೆಗಳು ಉದ್ಧಟತನವಲ್ಲ. ಕಾನೂನು ಕೊಟ್ಟ ಹಕ್ಕು. ಸಹಾಯಕ ಸಂತಾನೋತ್ಪತ್ತಿ ತಂತ್ರಜ್ಞಾನ (ನಿಯಂತ್ರಣ) ಕಾಯಿದೆಯು 2021ರಲ್ಲಿ ಬಂದಿತು. ಅದರಂತೆ ಐವಿಎಫ್ ಕೇಂದ್ರಗಳು ನೋಂದಣಿ ಮಾಡಿಸಿರಬೇಕು. ಯಶಸ್ಸಿನ ಸಂಭವ, ಲಾಭ, ಹಾನಿ, ಅಪಾಯ, ಖರ್ಚು ಇವನ್ನೆಲ್ಲ ದಂಪತಿಗಳಿಗೆ ವಿವರಿಸಬೇಕು. ಲಿಖಿತ ಒಪ್ಪಿಗೆ ಪಡೆಯಬೇಕು. ದೂರುಗಳನ್ನು ಕೇಳಲು ವ್ಯವಸ್ಥೆ ಇರಿಸಬೇಕು. ಒಪ್ಪಿಗೆಪತ್ರ ಇಂಗ್ಲಿಷಿನಲ್ಲಿದ್ದರೆ ಅದನ್ನು ಕನ್ನಡದಲ್ಲಿ ಓದಿ ಹೇಳಿಸಿಕೊಂಡ ಮೇಲೆಯೇ ಸಹಿ ಹಾಕಿರಿ. ಸಹಿ ಸೊಸೆಯದಾಗಿರುವಂತೆ ಮನಸ್ಸೂ ಸೊಸೆಯದಾಗಿರಲಿ. ದೇಹ ಆಕೆಯದು, ನೋವು ಆಕೆಯದು; ಸಾಕೆನ್ನುವ ಅಧಿಕಾರವೂ ಆಕೆಗಿದೆ.

ಇನ್ನು ಮೂರನೆಯ ಪ್ರಶ್ನೆ, ಹೊಲದ್ದು. ನನ್ನ ಉತ್ತರ ನೇರವಾದುದು: ಪುರಾವೆ ಇಷ್ಟು ದುರ್ಬಲವಾಗಿರುವ ಚಿಕಿತ್ಸೆಗಾಗಿ ಹೊಲವನ್ನು ಒತ್ತೆಯಿಡಬೇಡಿರಿ. ಮೂರನೆಯ ಐವಿಎಫ್ ಮಾಡಿಸುವುದೇ ಆದರೆ ಮೊದಲು ಹಿಂದಿನ ಎರಡು ಚಿಕಿತ್ಸೆಗಳ ಕಾಗದಪತ್ರಗಳನ್ನೆಲ್ಲ ತೆಗೆದುಕೊಂಡು, ಆ ಕೇಂದ್ರಕ್ಕೆ ಸಂಬಂಧವಿಲ್ಲದ ಇನ್ನೊಬ್ಬ ತಜ್ಞ ವೈದ್ಯರಿಗೆ ತೋರಿಸಿರಿ. ಇಷ್ಟು ಹಣ, ಇಷ್ಟು ಕಾಲ ಎಂದು ಮೊದಲೇ ಒಂದು ಎಲ್ಲೆಯನ್ನು ದಂಪತಿಗಳೇ ಗೊತ್ತುಮಾಡಿಕೊಳ್ಳಲಿ. ಮಗು ಹುಟ್ಟಿದರೂ ಅದಕ್ಕೆ ಅನ್ನ ಕೊಡುವುದು ಆ ಹೊಲವೇ ಅಲ್ಲವೇ?

ಆದರೆ ಆ ಪತ್ರದಲ್ಲಿ ಕೇಳದೇ ಉಳಿದ ನಾಲ್ಕನೆಯ ಪ್ರಶ್ನೆಯೊಂದು ನನ್ನ ಕಣ್ಣಿಗೆ ಬಿತ್ತು. ‘ಕುಬುಸದ ಕಾರ್ಯಗಳಿಗೆ ಸೊಸೆ ಈಗ ಬರುವುದನ್ನೇ ಬಿಟ್ಟಿದ್ದಾಳೆ’ ಎಂದು ಆ ತಾಯಿ ಒಂದು ಸಾಲು ಬರೆದಿದ್ದಾರೆ. ಪರೀಕ್ಷೆಯಾಗದ ಚಿಕಿತ್ಸೆಗಳಿಗೆ ಜನ ಮುಗಿಬೀಳುವುದು ಮಗುವಿನ ಆಸೆಯಿಂದ ಮಾತ್ರವಲ್ಲ, ಈ ಸಾಲಿನ ಹಿಂದಿರುವ ಅವಮಾನದಿಂದಲೂ ಹೌದು. ಉಡಿ ತುಂಬುವಾಗ ಒಬ್ಬಳನ್ನು ದಾಟಿ ಮುಂದಿನವಳಿಗೆ ತುಂಬುವ ಕೈಗಳು, ತೊಟ್ಟಿಲ ಕಾರ್ಯದಲ್ಲಿ ‘ನಿನ್ನದು ಯಾವಾಗ?’ ಎನ್ನುವ ನಾಲಿಗೆಗಳು, ಆಕೆಯನ್ನು ಯಾವ ಸೂಜಿಗಾದರೂ ಒಡ್ಡಿಕೊಳ್ಳುವಂತೆ ಮಾಡುತ್ತವೆ.

ಲಿಂಗಾಯತರ ಮನೆಯಲ್ಲಿ ಇದಕ್ಕೆ ಧರ್ಮದ ಆಧಾರವೇನಿದೆ? ಮಗನಿಲ್ಲದವನಿಗೆ ಗತಿಯಿಲ್ಲವೆಂಬ ನಂಬಿಕೆಯು ಶ್ರಾದ್ಧ, ಪಿಂಡಗಳನ್ನು ಅವಲಂಬಿಸಿದ್ದು. ನಮ್ಮಲ್ಲಿ ಪಿಂಡವಿಲ್ಲ, ಲಿಂಗೈಕ್ಯನಾದವನಿಗೆ ಮಗನ ಕೈಯಿಂದ ದೊರೆಯಬೇಕಾದ ಸದ್ಗತಿಯೂ ಇಲ್ಲ. ಅಲ್ಲಮಪ್ರಭುವಿಗೆ ಮಕ್ಕಳಿರಲಿಲ್ಲ, ಅಕ್ಕಮಹಾದೇವಿಗೆ ಇರಲಿಲ್ಲ, ಚೆನ್ನಬಸವಣ್ಣನಿಗೂ ಇರಲಿಲ್ಲ. ಅವರನ್ನು ಯಾವ ನಾಲಿಗೆ ಬರಿದಾದ ಬಾಳೆಂದೀತು? ದೀಕ್ಷೆ ಪಡೆದವನು ಗುರುವಿನ ಕರಸಂಜಾತ, ಎಂದರೆ ಕೈಯಲ್ಲಿ ಹುಟ್ಟಿದ ಮಗನೆಂದು ನಮ್ಮ ಮಠಗಳಲ್ಲಿ ಇಂದಿಗೂ ಹೇಳುತ್ತೇವೆ. ಬಸಿರಿನಿಂದ ಹುಟ್ಟಿದ್ದು ಮಾತ್ರವೇ ಸಂತಾನವಲ್ಲವೆಂಬುದು ಆ ಒಂದು ಶಬ್ದದಲ್ಲಿಯೇ ಅಡಗಿದೆ. ಸಿದ್ಧಗಂಗೆಯ ಡಾ. ಶಿವಕುಮಾರ ಸ್ವಾಮಿಗಳು 2019ರಲ್ಲಿ ಲಿಂಗೈಕ್ಯರಾದಾಗ ಕಣ್ಣೀರಿಟ್ಟ ಸಹಸ್ರಾರು ಮಕ್ಕಳು ಇದಕ್ಕೆ ಸಾಕ್ಷಿ.

ದತ್ತು ಸ್ವೀಕಾರವನ್ನೂ ಕೊನೆಯ ಸೋಲೆಂದು ತಿಳಿಯಬೇಕಾಗಿಲ್ಲ. 1956ರ ಹಿಂದೂ ದತ್ತಕ ಮತ್ತು ಜೀವನಾಂಶ ಕಾಯಿದೆಯು ತಾನು ಯಾರಿಗೆ ಅನ್ವಯಿಸುತ್ತದೆಂದು ಹೇಳುವಾಗ ವೀರಶೈವ, ಲಿಂಗಾಯತ ಎಂಬ ಹೆಸರುಗಳನ್ನೇ ಎತ್ತಿ ಹೇಳಿದೆ. ಅನಾಥ ಮಕ್ಕಳನ್ನು ಕೇಂದ್ರ ಸರಕಾರದ ದತ್ತು ಪ್ರಾಧಿಕಾರದ ಮೂಲಕ ಪಡೆಯುವ ದಾರಿಯೂ ತೆರೆದಿದೆ. ಯಾವ ದಾರಿ ಹಿಡಿಯಬೇಕೆಂಬುದು ದಂಪತಿಗಳ ಇಚ್ಛೆ. ಚಿಕಿತ್ಸೆಯೂ ಇಲ್ಲದೆ ದತ್ತುವೂ ಇಲ್ಲದೆ ಇಬ್ಬರೇ ಸಂತೋಷದಿಂದ ಬಾಳುತ್ತೇವೆಂದರೂ ಅದು ಪೂರ್ಣವಾದ ದಾಂಪತ್ಯವೇ.

ಪತ್ರ ಬರೆದ ತಾಯಿಯಲ್ಲಿ ಮತ್ತು ಅವರಂಥ ಹಿರಿಯರೆಲ್ಲರಲ್ಲಿ ನನ್ನದೊಂದು ಬಿನ್ನಹ. ವೈದ್ಯರ ಬಳಿಗೆ ಹೋಗುವ ಮೊದಲು, ಮುಂದೆ ಬರುವ ಕುಬುಸಕ್ಕೆ ಸೊಸೆಯನ್ನು ನೀವೇ ಕೈಹಿಡಿದು ಕರೆದುಕೊಂಡು ಹೋಗಿರಿ. ಎಲ್ಲರೆದುರಿಗೆ ಅವಳ ಉಡಿಯನ್ನೂ ತುಂಬಿಸಿರಿ. ಅದಕ್ಕೆ ಹೊಲ ಒತ್ತೆಯಿಡಬೇಕಾಗಿಲ್ಲ. ಆ ಮೇಲೆ ದಂಪತಿಗಳು ತೆಗೆದುಕೊಳ್ಳುವ ನಿರ್ಧಾರ ಯಾವುದೇ ಇರಲಿ, ಅದು ಅಂಜಿಕೆಯಿಂದಲ್ಲದೆ ಅರಿವಿನಿಂದ ತೆಗೆದುಕೊಂಡದ್ದಾಗಿರುತ್ತದೆ.